ವಿಷದ ಭೀಮವ್ವ

ಕೂಸಿಗೆ ಹಾಲು ಕುಡಿಸುವ ಮೊದಲು ಭೀಮವ್ವ ಅದರೊಳಗಿನ ಒಂದು ಗುಟುಕು ತಾನು ಯಾಕೆ ಕುಡಿಯುತ್ತಾಳೆ?

ಪುಣೆಯ ಕರ್ವೆ ರಸ್ತೆಯ ವಿಮಾ ಕಚೇರಿಯಲ್ಲಿ ಕುಳಿತಿದ್ದ ಪ್ರಾಚಿಯನ್ನು ಈ ಪ್ರಶ್ನೆ ಬೆಳಗಿನಿಂದ ಬಿಟ್ಟಿರಲಿಲ್ಲ. ಕಣ್ಣು ಕಂಪ್ಯೂಟರಿನ ಮೇಲೆ, ಕೈ ಫೈಲಿನ ಮೇಲೆ, ಜೀವ ಮಾತ್ರ ಕೋಥರೂಡಿನ ಮನೆಯ ಪಡಸಾಲೆಯಲ್ಲಿ. ಹಲ್ಲಿನ ಸಂದಿಗೆ ಸಿಕ್ಕ ಅಡಿಕೆ ಚೂರನ್ನು ನಾಲಿಗೆ ಬೇಡವೆಂದರೂ ಹುಡುಕಿಕೊಂಡು ಹೋಗುತ್ತದಲ್ಲ, ಹಾಗೆ ಮನಸ್ಸು ತಿರುಗಿ ತಿರುಗಿ ಅಲ್ಲಿಗೇ ಹೋಗುತ್ತಿತ್ತು.

ಚಿಂತೆ ಮಾಡುವುದರಲ್ಲಿ ಪ್ರಾಚಿ ಮೊದಲಿನಿಂದಲೂ ಗಟ್ಟಿಗಿತ್ತಿ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಲಿಫ್ಟಿನಿಂದ ತಿರುಗಿ ಬಂದು ನೋಡುವವಳು. ಮಗಳು ಓವಿ ಹುಟ್ಟಿದ ಮೇಲಂತೂ ಹೇಳುವುದೇ ಬೇಡ. ಕೂಸು ಸೀನಿದರೆ ಎದೆಯಲ್ಲಿ ಕಫ, ಸೀನದಿದ್ದರೆ ಮೂಗು ಕಟ್ಟಿದೆ. ಅವಳ ಗಂಡ ವಿಕಾಸ ಪಿಂಪ್ರಿ-ಚಿಂಚವಾಡದ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್, ಸಮಾಧಾನಿ ಮನುಷ್ಯ. "ಚಿಂತಿ ಮಾಡ್ಲಿಕ್ಕೆ ನಿನಗ ಏನೂ ಸಿಗಲಿಲ್ಲ ಅಂದ್ರ, ಯಾಕ ಸಿಗಲಿಲ್ಲ ಅಂತ ಚಿಂತಿ ಮಾಡ್ತಿ" ಎಂದು ಅವಳನ್ನು ಆಡಿಕೊಳ್ಳುತ್ತಿದ್ದ.

ಆದರೆ ಈ ಸಲದ್ದು ಬರೀ ಊಹೆಯಲ್ಲ, ಕಣ್ಣಾರೆ ಕಂಡದ್ದು. ಫೋನಿನಲ್ಲಿ ಚಿತ್ರ ಬರುವ ಸಣ್ಣದೊಂದು ಕ್ಯಾಮರಾ ತಂದು ಅವಳು ಪಡಸಾಲೆಯ ಶೋಕೇಸಿನಲ್ಲಿ ಗೊಂಬೆಗಳ ನಡುವೆ ಇಟ್ಟಿದ್ದಳು. ಅದರಲ್ಲಿ ಭೀಮವ್ವನ ಬೆನ್ನು, ಮುಖದ ಒಂದು ಬದಿ ಕಾಣುತ್ತಿದ್ದವು. ಓವಿಯನ್ನು ಎದುರಿಗೆ ಕೂರಿಸಿಕೊಂಡು, ಹಾಲಿನ ಬಟ್ಟಲನ್ನು ಎತ್ತಿ, ತುಟಿಗೆ ತಾಗಿಸದೆ ಒಂದು ಗುಟುಕು ಬಾಯಿಗೆ ಸುರಿದುಕೊಂಡು, ತುಸು ಹೊತ್ತು ಸುಮ್ಮನೆ ಕುಳಿತು, ಆಮೇಲೆ ಕೂಸಿಗೆ ಕುಡಿಸುತ್ತಿದ್ದಳು. ಒಂದು ದಿನ ಅಲ್ಲ, ಪ್ರತಿ ದಿನ. ಹಸಿವಾಗಿದ್ದರೆ ಫ್ರಿಜ್ಜಿನಲ್ಲಿ ಹಾಲಿನ ಪಾತ್ರೆಯೇ ಇತ್ತು, ಯಾರೂ ಬೇಡ ಅಂದವರಲ್ಲ. ಬಿಸಿ ನೋಡುವುದಾದರೆ ಬೆರಳು ಸಾಕು. ಎಂಜಲಾದರೂ ಮಾಡಿದ್ದರೆ ಬಯ್ಯಲು ಒಂದು ಕಾರಣ ಸಿಗುತ್ತಿತ್ತು, ಅದೂ ಇಲ್ಲ. ಹಾಗಾದರೆ ರುಚಿ ನೋಡುವುದು ಯಾಕೆ? ರುಚಿ ಕೆಡಿಸುವಂಥದ್ದು ಏನಾದರೂ ಅದರಲ್ಲಿ ಹಾಕಿದವರಲ್ಲವೆ ರುಚಿ ನೋಡುವುದು?

ಭೀಮವ್ವ ಮನೆಗೆ ಬಂದದ್ದು ಕೂಸಿಗೆ ಎಂಟು ತಿಂಗಳಾಗಿದ್ದಾಗ. ಅವರ ಅಪಾರ್ಟ್‌ಮೆಂಟ್ ಸೊಸೈಟಿಯ ಹಿಂದಿನ ಗಲ್ಲಿಯಲ್ಲಿ ಸಿದ್ರಾಮಪ್ಪ ಎಂಬವನ ಖಾನಾವಳಿ ಇದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ; ತಮ್ಮ ಧಾರವಾಡದ ಕಡೆಯ ನೆನಪಾದಾಗ ಪ್ರಾಚಿ, ವಿಕಾಸ ಅಲ್ಲಿಂದಲೇ ಕಟ್ಟಿಸಿಕೊಂಡು ಬರುತ್ತಿದ್ದರು. ಹೆರಿಗೆ ರಜೆಗೆ ಸೇರಿಸಿ ಹಾಕಿದ್ದ ರಜೆಯೂ ಮುಗಿಯುತ್ತ ಬಂದಿತ್ತು. ಏಜೆನ್ಸಿಯಿಂದ ಬಂದ ಆಯಾಗಳಲ್ಲಿ ಒಬ್ಬಳು ಕೂಸಿಗಿಂತ ಹೆಚ್ಚು ಫೋನನ್ನು ಆಡಿಸಿದಳು, ಇನ್ನೊಬ್ಬಳು ಕೂಸು ಅತ್ತರೆ ತಾನೂ ಕೂಗಿದಳು. ಪ್ರಾಚಿ ಕೆಲಸ ಬಿಡುವ ಮಾತಾಡುತ್ತಿದ್ದಾಗ ಸಿದ್ರಾಮಪ್ಪ ರೊಟ್ಟಿ ಕಟ್ಟುತ್ತಲೇ ಹೇಳಿದ: "ನಮ್ಮ ಅಕ್ಕ ಅದಾಳ್ರಿ. ರೊಟ್ಟಿ ಬಡದು ಬಡದು ಆಕಿ ಭುಜ ಹೋಗೇತಿ. ಕೂಸು ಅಂದ್ರ ಮಾತ್ರ ಎರಡೂ ಕೈ ಬರ್ತಾವು."

ಮರುದಿನ ಬಾಗಿಲಲ್ಲಿ ನಿಂತ ಹೆಂಗಸನ್ನು ನೋಡಿ ಪ್ರಾಚಿಗೆ ತುಸು ಅಂಜಿಕೆಯೇ ಆಯಿತು. ಎತ್ತರದ ಆಳು. ಹಸಿರು ಇಳಕಲ್ ಸೀರೆ, ಹಣೆಯಗಲ ವಿಭೂತಿ. ಅರವತ್ತು ದಾಟಿದ ಮುಖದಲ್ಲಿ ದೀಪ ಹಚ್ಚಿಟ್ಟಂಥ ಎರಡು ಕಣ್ಣು. ಮೆಲ್ಲಗೆ ಮಾತಾಡಿದರೂ ಆ ದನಿ ಒಳಗಿನ ಕೋಣೆಗೆ ಕೇಳುತ್ತಿತ್ತು. ಹೊಸಬರನ್ನು ಕಂಡರೆ ಕಿರುಚುವ ಓವಿ ಅವಳ ಕಣ್ಣನ್ನು ನೋಡುತ್ತ ನೋಡುತ್ತ ಬಾಯಿ ತೆರೆದುಕೊಂಡು ಸುಮ್ಮನಾಗಿಬಿಟ್ಟಿತು.

ಅವತ್ತಿನಿಂದ ಮನೆಗೊಂದು ನೆಲೆ ಬಂತು. ಭೀಮವ್ವ ಜೋಗುಳ ಹಾಡುತ್ತಿರಲಿಲ್ಲ. ಕತೆ ಹೇಳಿ ಮಲಗಿಸುತ್ತಿದ್ದಳು. ರಾಜನ ದನಿ ಬೇರೆ, ಕಾಗೆಯ ದನಿ ಬೇರೆ, ನದಿಯ ದನಿ ಬೇರೆ. ಒಂದು ಮಾತೂ ತಿಳಿಯದ ಕೂಸು ಎಲ್ಲ ತಿಳಿದವರಂತೆ ಕೇಳುತ್ತಿತ್ತು. ಅದರ ಮೈಗೆ ಎಣ್ಣೆ ಹಚ್ಚುವುದು, ನುಚ್ಚಿನ ಗಂಜಿ ಮಾಡಿ ಉಣ್ಣಿಸುವುದು, ಗ್ಯಾಲರಿಯಲ್ಲಿ ನಿಂತು ಪಿ.ಎಂ.ಟಿ. ಬಸ್ಸು ತೋರಿಸುವುದು, ಎಲ್ಲವೂ ಭೀಮವ್ವನದೇ. ಪ್ರಾಚಿ ಎಂಥ ನಿಶ್ಚಿಂತೆ ಎಂದುಕೊಂಡಳು. ಹಾಗೆ ಅಂದುಕೊಂಡು ಹೆಚ್ಚು ದಿನ ಆಗಿರಲಿಲ್ಲ.

ಸಂಜೆ ಕಚೇರಿಯಿಂದ ಬಂದು ಬಾಗಿಲು ತೆರೆದರೆ ಓವಿ ಭೀಮವ್ವನ ಸೊಂಟದ ಮೇಲೆ ಇರುತ್ತಿದ್ದಳು. ಪ್ರಾಚಿ ಎರಡೂ ಕೈ ಚಾಚುತ್ತಿದ್ದಳು. ಕೂಸು ಅವಳನ್ನು ನೋಡಿ, ನಕ್ಕು, ಮತ್ತೆ ಭೀಮವ್ವನ ಹೆಗಲಿಗೆ ಮುಖ ಒತ್ತಿಕೊಳ್ಳುತ್ತಿತ್ತು. ಮಕ್ಕಳ ಆಟ ಅದು, ಎಲ್ಲ ಮಕ್ಕಳೂ ಆಡುತ್ತವೆ. ಪ್ರಾಚಿಯ ಎದೆಯಲ್ಲಿ ಮಾತ್ರ ಸಣ್ಣಗೆ ಏನೋ ಚುಚ್ಚುತ್ತಿತ್ತು. ಭೀಮವ್ವನಿಗೆ ಅದು ತಿಳಿಯದೆ ಇರುತ್ತಿರಲಿಲ್ಲ. "ನಿಮ್ಮವ್ವ ಬಂದಾಳ ನೋಡು, ಹೋಗು" ಎಂದು ಕೂಸನ್ನು ಕೆಳಗಿಳಿಸಿ, ಇಲ್ಲದ ಕೆಲಸ ಹುಡುಕಿಕೊಂಡು ಅಡುಗೆಮನೆಗೆ ಹೋಗಿ ನಿಲ್ಲುತ್ತಿದ್ದಳು. ತಾನಿದ್ದರೆ ಕೂಸು ತಾಯಿಯ ಕಡೆ ಹೋಗುವುದಿಲ್ಲವೆಂದು ಮರೆಯಾಗುವವಳ ಆ ದೊಡ್ಡತನವೇ ಪ್ರಾಚಿಗೆ ಹೆಚ್ಚು ಉರಿ. ಬಿಟ್ಟುಕೊಡಬೇಕಾದರೆ ಮೊದಲು ಕೂಸು ಭೀಮವ್ವನದಾಗಿರಬೇಕಲ್ಲ.

ಓವಿಯ ಮೊದಲನೇ ಹುಟ್ಟುಹಬ್ಬಕ್ಕೆ ಚಿಂಚವಾಡದಿಂದ ವಿಕಾಸನ ಕಾಕಾ ಮಧುಕರ ಬಂದಿದ್ದರು. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಹರೆಯವನ್ನೆಲ್ಲ ಧಾರವಾಡ, ಗದಗಗಳಲ್ಲಿ ಕಳೆದವರು. ಫಳಾರದ ತಟ್ಟೆ ತಂದಿಟ್ಟ ಭೀಮವ್ವನನ್ನು ನೋಡಿದವರು ತಟ್ಟೆ ಮರೆತು ನೋಡುತ್ತಲೇ ಉಳಿದರು. "ನೀವು ಕಂಪನಿ ನಾಟಕದ ಭೀಮವ್ವಾರಲ್ಲೇನ್ರಿ? ವಿಷದ ಭೀಮವ್ವ?" ಎಂದರು.

ಭೀಮವ್ವ ಸೆರಗು ಸರಿಮಾಡಿಕೊಂಡು, ಹಿಂದೆ ಇದ್ದೆ, ಹೊಟ್ಟೆಪಾಡು ಆಗಿತ್ತು ಅದು ಎಂದಷ್ಟೇ ಹೇಳಿ ಒಳಗೆ ಹೋಗಲು ನೋಡಿದಳು. ಕಾಕಾ ಬಿಡಬೇಕಲ್ಲ. ಅವರಿಗೆ ಹಳೆಯ ಹರೆಯ ಬಂದುಬಿಟ್ಟಿತ್ತು. 'ಸವತಿ ಕೊಟ್ಟ ಹಾಲು' ಎಂಬ ನಾಟಕವನ್ನು ಅವರು, ಕಂಪನಿ ಗದಗಿನಲ್ಲಿ ಕ್ಯಾಂಪು ಹಾಕಿದ್ದಾಗ, ಎಷ್ಟು ಸಲ ನೋಡಿದ್ದರೋ. ಎಲ್ಲರನ್ನೂ ಸುತ್ತ ಕೂರಿಸಿಕೊಂಡು ಅದರ ಕತೆ ಹೇಳತೊಡಗಿದರು. ಒಬ್ಬ ದೇಸಾಯಿಗೆ ಇಬ್ಬರು ಹೆಂಡಿರು. ಹಿರಿಯಳಿಗೆ ಮಕ್ಕಳಿಲ್ಲ, ಕಿರಿಯಳ ಮಗಳನ್ನೇ ಎದೆಗವಚಿಕೊಂಡು ಬೆಳೆಸುತ್ತಾಳೆ. ಆ ಪ್ರೀತಿಯನ್ನು ನೋಡಲಾರದ ಹಳೆಯ ದಾಸಿಯೊಬ್ಬಳು ಅವಳ ಕಿವಿ ಊದುತ್ತಾಳೆ: ಈ ಕೂಸು ಇವತ್ತು ದೊಡ್ಡವ್ವಾ ಅನ್ನುತ್ತದೆ, ನಾಳೆ ದೊಡ್ಡದಾಗಿ ತನ್ನ ತಾಯಿಯ ಜತೆ ಸೇರಿ ನಿನ್ನನ್ನು ಹೊಸ್ತಿಲ ಹೊರಗೆ ಹಾಕುತ್ತದೆ. ದಿನಕ್ಕೊಂದು ಮಾತು, ದಿನಕ್ಕೊಂದು ಹನಿ. ಕಡೆಗೆ ಆ ಪ್ರೀತಿಯೇ ಒಡೆದ ಹಾಲಿನಂತಾಗಿ, ದೊಡ್ಡವ್ವ ಕೂಸಿನ ಬಟ್ಟಲಿಗೆ ವಿಷ ಬೆರೆಸುತ್ತಾಳೆ. ಕೂಸು ಬಟ್ಟಲನ್ನು ಅವಳ ಕಡೆ ಚಾಚಿ, ನೀ ಮೊದಲು ಕುಡಿ ಅನ್ನುತ್ತದೆ. ನನಗೆ ಇವತ್ತು ಉಪವಾಸ ಅನ್ನುತ್ತಾಳೆ ಅವಳು. ಕೂಸು ನಂಬಿ ಕುಡಿಯುತ್ತದೆ. ದಾಸಿಯ ಮಾತು ಸುಳ್ಳೆಂದು ತಿಳಿಯುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಬಟ್ಟಲಿನಲ್ಲಿ ಉಳಿದದ್ದನ್ನು ದೊಡ್ಡವ್ವ ತಾನು ಕುಡಿಯುತ್ತಾಳೆ.

"ಹೆಣ್ಣಮಕ್ಕಳು ಚಪ್ಪಲಿ ಒಗೀತಿದ್ರು ಸ್ಟೇಜಿಗೆ" ಎಂದರು ಕಾಕಾ, ಅಭಿಮಾನದಿಂದ. "ಪ್ಯಾಟ್ಯಾಗ ಇವರಿಗೆ ಹಾಲು ಮಾರ್ತಿರಲಿಲ್ಲ. ಆ ಮಟ್ಟದ ಪಾರ್ಟು. ಭೀಮವ್ವಾರ, ಒಂದ ಒಂದು ಮಾತು ಅಂದು ತೋರಸ್ರಿ."

ಎಲ್ಲರೂ ಗಂಟುಬಿದ್ದರು. ಭೀಮವ್ವ ಬೇಡವೆಂದಳು, ಹಲ್ಲು ಹೋಗಿವೆ ಎಂದಳು, ಮರೆತೇಹೋಗಿದೆ ಎಂದಳು. ಕಡೆಗೆ, ಉಳಿದವರ ಬಾಯಿ ಮುಚ್ಚಿಸಲೆಂದೇ ಇರಬೇಕು, ಮೇಜಿನ ಮೇಲಿದ್ದ ಒಂದು ಖಾಲಿ ಬಟ್ಟಲನ್ನು ಕೈಗೆತ್ತಿಕೊಂಡಳು. ಬೆನ್ನು ನೆಟ್ಟಗಾಯಿತು. ಮುಖದಲ್ಲಿ ಬೇರೆ ಯಾರೋ ಬಂದು ಕುಳಿತರು.

"ಬಾ, ನನ್ನ ಕಂದ. ದೊಡ್ಡವ್ವನ ಕೈಯ ಹಾಲು ಇದು. ಇದರಲ್ಲಿ ಸಕ್ಕರೆ ಇದೆ, ಕೇಸರಿ ಇದೆ, ನನ್ನ ಪ್ರಾಣವೂ ಇದೆ. ಕುಡಿ."

ಅಷ್ಟೇ. ದನಿ ಬೆಣ್ಣೆಯಷ್ಟು ಮೆತ್ತಗಿತ್ತು, ಅದಕ್ಕೇ ಮೈ ಜುಮ್ಮೆಂದಿತು. ವಿಕಾಸನ ತೋಳಿನಲ್ಲಿದ್ದ ಓವಿ ಮಾತ್ರ ಕಿಲಕಿಲ ನಕ್ಕು, ಎರಡೂ ಕೈ ಚಾಚಿ ಭೀಮವ್ವನ ಕಡೆ ಬಾಗಿತು. ಎಲ್ಲರೂ ನಕ್ಕುಬಿಟ್ಟರು, ಭೀಮವ್ವನೂ ನಕ್ಕಳು. ಪ್ರಾಚಿ ನಗಲಿಲ್ಲ. ಕೂಸನ್ನು ನಡುವೆಯೇ ತೆಗೆದುಕೊಂಡು, ಬಟ್ಟೆ ಬದಲಿಸಬೇಕು ಎಂದು ಒಳಗೆ ಹೋದಳು.

ಅಲ್ಲಿಂದ ಶುರುವಾಯಿತು. ನಾಟಕದಲ್ಲಿ ಕಿವಿ ಊದಲು ಒಬ್ಬಳು ದಾಸಿ ಬೇಕಾಗಿದ್ದಳು, ಪ್ರಾಚಿಗೆ ಬೇಕಾಗಲಿಲ್ಲ. ತನ್ನ ಕಿವಿಯನ್ನು ತಾನೇ ಊದಿಕೊಂಡಳು. ಅಷ್ಟು ಚೆಂದ ಸುಳ್ಳಾಡಬಲ್ಲವಳು ನನ್ನ ಹತ್ತಿರವೂ ಆಡುತ್ತಿರಬಹುದಲ್ಲ? ಮಧ್ಯಾಹ್ನ ಓವಿ ಇಷ್ಟು ಹೊತ್ತು ಮಲಗುವುದು ಯಾಕೆ? ಕೂಸಿಗೆ ನಿದ್ದೆಯ ಔಷಧ ಕೊಟ್ಟು ಮಲಗಿಸಿ ಟಿ.ವಿ. ನೋಡುವ ಆಯಾಗಳ ಸುದ್ದಿ ಸೊಸೈಟಿಯ ಹೆಂಗಸರ ಗ್ರೂಪಿನಲ್ಲಿ ಬರುತ್ತಲೇ ಇತ್ತು. ಡಾಕ್ಟರನ್ನು ಸುತ್ತುಬಳಸಿ ಕೇಳಿದಳು. ಈ ವಯಸ್ಸಿಗೆ ಇಷ್ಟು ನಿದ್ದೆ ಸಹಜ, ಕೂಸು ಗಟ್ಟಿಮುಟ್ಟಾಗಿದೆ ಎಂದರು ಅವರು. ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಆಮೇಲೆ ಆ ಕ್ಯಾಮರಾ ಬಂತು. ವಿಕಾಸನಿಗೂ ಹೇಳಲಿಲ್ಲ. ಕ್ಯಾಮರಾದಲ್ಲಿ ಆ ಗುಟುಕು ಕಂಡಾಗ ಅವಳಿಗೆ ಹೆದರಿಕೆಯ ಜತೆಗೆ ಮತ್ತೇನೋ ಆಯಿತು. ಸಿಕ್ಕಳು ಎಂಬಂಥದ್ದು. ತಾನು ಒಂದು ತಪ್ಪಿಗಾಗಿ ಕಾದಿದ್ದೆ ಎಂಬುದನ್ನು ಅವಳು ಆಗ ಒಪ್ಪಿಕೊಳ್ಳುತ್ತಿರಲಿಲ್ಲ.

ನೇರ ಕೇಳಿದ್ದರೆ ಅರ್ಧ ನಿಮಿಷದ ಮಾತು. ಆದರೆ ಕೇಳಿದರೆ ಕ್ಯಾಮರಾದ ಮಾತು ಹೊರಬೀಳುತ್ತದೆ. ಹಾಗಾಗಿ ಅವತ್ತು ಸಂಜೆ ಪ್ರಾಚಿ, ದಾರಿಯುದ್ದಕ್ಕೂ ಸ್ಕೂಟಿಯ ಮೇಲೆ ಕೂಡಿಸಿಕೊಂಡು ಬಂದ ಮಾತುಗಳನ್ನು ನಗುನಗುತ್ತ ಹೇಳಿದಳು. ಧಾರವಾಡದಿಂದ ಅತ್ತೆ ಶಾಮಲಾಬಾಯಿ ಬರುತ್ತಿದ್ದಾರೆ, ಇನ್ನು ಇಲ್ಲಿಯೇ ಇರುತ್ತಾರೆ, ಮೊಮ್ಮಗಳನ್ನು ತಾವೇ ನೋಡಿಕೊಳ್ಳಬೇಕೆಂದು ಅವರ ಆಸೆ, ನಿಮಗೂ ಭುಜ ನೋವು, ವಿಶ್ರಾಂತಿ ಬೇಕು. ತಿಂಗಳ ಪಗಾರದ ಜತೆ ಒಂದು ಸೀರೆ ಕೊಟ್ಟು ಕಾಲಿಗೂ ನಮಸ್ಕರಿಸಿದಳು.

ಭೀಮವ್ವ ಪೂರ್ತಿ ಕೇಳಿದಳು. ಆ ದೊಡ್ಡ ಕಣ್ಣು ಪ್ರಾಚಿಯ ಮುಖದ ಮೇಲೆಯೇ ಇತ್ತು.

"ಮಾತು ಭಾಳ ಚಲೋ ಕೂಡಿಸಿ ಹೇಳಿದಿ, ತಂಗಿ" ಎಂದಳು. "ಎಲ್ಲೂ ತಡವರಿಸಲಿಲ್ಲ."

ಓವಿಯ ಕೆನ್ನೆ ಸವರಿ, ಬೆರಳುಗಳನ್ನು ತನ್ನ ಹಣೆಗೆ ಒತ್ತಿ ನೆಟಿಗೆ ಮುರಿದಳು. ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದು ಹೋದಳು. ಕೂಸು ಬಾಗಿಲಲ್ಲೇ ಕುಳಿತು ಮೆಟ್ಟಿಲಿನ ಕಡೆ ನೋಡುತ್ತಿತ್ತು.

ವಿಕಾಸನಿಗೆ ಸುದ್ದಿ ಗೊತ್ತಾದದ್ದು ಊಟದ ಹೊತ್ತಿಗೆ. "ನಮ್ಮವ್ವ ಬರೋ ಸುದ್ದಿ ನಮ್ಮವ್ವಗರ ಗೊತ್ತದ ಏನು?" ಎಂದು ನಗೆಯಲ್ಲೇ ಕೇಳಿದ. ಪ್ರಾಚಿ ಎಲ್ಲ ಹೇಳಿದಳು: ಕ್ಯಾಮರಾ, ಗುಟುಕು, ಔಷಧದ ಅನುಮಾನ. ಅವನು ಜಗಳ ತೆಗೆಯಬಹುದೆಂದು ಅವಳು ಉತ್ತರಗಳನ್ನೂ ಸಿದ್ಧಮಾಡಿ ಇಟ್ಟುಕೊಂಡಿದ್ದಳು. ಅವನು ಜಗಳ ತೆಗೆಯಲಿಲ್ಲ. ಕೇಳಬಹುದಾಗಿತ್ತು ಆಕೆಯನ್ನು ಎಂದು ಹೇಳಿ, ತಟ್ಟೆ ಎತ್ತಿಕೊಂಡು ಎದ್ದ.

ಪ್ರಾಚಿ ರಜೆ ಹಾಕಿದಳು. ಕೂಸು ಕಡೆಗೂ ಇಡೀ ದಿನ ಅವಳದೇ ಆಯಿತು. ಆದರೆ ಆ ಕೂಸು ಬಟ್ಟಲಿನ ಹಾಲು ಕುಡಿಯಲೊಲ್ಲದು; ಇಷ್ಟು ದಿನ ಪ್ರಾಚಿಯದು ಬೆಳಿಗ್ಗೆ, ರಾತ್ರಿ ಎದೆಹಾಲು, ಬಟ್ಟಲೇನಿದ್ದರೂ ಭೀಮವ್ವನ ಪಾಲಿನದಾಗಿತ್ತು. ಬಟ್ಟಲನ್ನು ಬಾಯಿಗೆ ಹಿಡಿದರೆ ಎರಡೂ ಪುಟ್ಟ ಕೈಯಿಂದ ಅದನ್ನು ದೂಡುತ್ತಿತ್ತು, ಪ್ರಾಚಿಯ ಮುಖದ ಕಡೆಗೆ. ಬೇಡವೆಂದು ತಳ್ಳುತ್ತಿದೆ ಎಂದೇ ಅವಳು ತಿಳಿದಳು. ಬಟ್ಟಲು ಬದಲಿಸಿದಳು. ಚಾಕಲೇಟ್ ಪುಡಿ ಬೆರೆಸಿದಳು. ಫೋನಿನಲ್ಲಿ ಹಾಡು ಹಚ್ಚಿದಳು, ಕಾಗೆ ತೋರಿಸಿದಳು, ಗುಬ್ಬಿ ತೋರಿಸಿದಳು. ತುಟಿ ಬಿಗಿಹಿಡಿದ ಕೂಸು ಮತ್ತೆ ಬಟ್ಟಲು ದೂಡಿ, ತಲೆಯೆತ್ತಿ ಅವಳ ಬಾಯಿಯನ್ನೇ ನೋಡುತ್ತ ಕುಳಿತುಕೊಳ್ಳುತ್ತಿತ್ತು. ಏನನ್ನೋ ಕಾಯುವ ಹಾಗೆ.

ಎರಡು ಮೂರು ದಿನ ಹೀಗೇ ನಡೆಯಿತು. ಒಂದು ಮಧ್ಯಾಹ್ನ ಹಾಲೆಲ್ಲ ಮೈಮೇಲೆ ಚೆಲ್ಲಿತು. ಪ್ರಾಚಿಗೆ ಸಾಕಾಗಿಹೋಗಿತ್ತು. "ತಗೋ, ನಾನೇ ಕುಡೀತೀನಿ, ಆತಿಲ್ಲ?" ಎಂದು ಸಿಟ್ಟಿನಿಂದ ಬಟ್ಟಲೆತ್ತಿ ಒಂದು ಗುಟುಕು ಕುಡಿದುಬಿಟ್ಟಳು.

ಓವಿ ಅವಳ ಗಂಟಲನ್ನು ನೋಡಿತು. ನುಂಗಿದ್ದು ಖಾತ್ರಿಯಾದ ಮೇಲೆ, ಹಕ್ಕಿಮರಿಯ ಹಾಗೆ ಬಾಯಿ ತೆರೆಯಿತು.

ಬಟ್ಟಲಲ್ಲಿ ಉಳಿದಿದ್ದ ಅಷ್ಟೂ ಹಾಲನ್ನು ಕುಡಿದು ತೇಗಿತು. ಪ್ರಾಚಿ ಖಾಲಿ ಬಟ್ಟಲು ಹಿಡಿದು ಕುಳಿತೇ ಇದ್ದಳು. ಇದು ಭೀಮವ್ವ ಮತ್ತು ಕೂಸಿನ ನಡುವಿನ ಒಂದು ಕಟ್ಟಳೆ, ಅಷ್ಟು ತಿಳಿಯಿತು. ಯಾಕೆ, ಏನು ಎಂಬುದು ತಿಳಿಯಲಿಲ್ಲ. ಆದರೆ ಔಷಧ ಹಾಕಿದವಳು ಕೂಸಿನ ಕಣ್ಣೆದುರು ತಾನು ಮೊದಲು ಕುಡಿಯುವುದಿಲ್ಲ ಎಂಬಷ್ಟು ಬುದ್ಧಿ ಅವಳಿಗೂ ಇತ್ತು. ಇದು ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ಕೇಳಿಕೊಂಡಾಗ ಮುಖ ಬೆಚ್ಚಗಾಯಿತು.

ಅದೇ ವಾರ ಬಾಗಿಲ ಗಂಟೆ ಸದ್ದಾಯಿತು. ಹೊರಗೆ ನಲವತ್ತು ದಾಟಿದ ಹೆಂಗಸು, ಕೈಯಲ್ಲಿ ಭಾರದ ಚೀಲ. ಕಣ್ಣು ನೋಡಿದರೆ ಯಾರ ಮಗಳೆಂದು ಕೇಳುವ ಕಾರಣವೇ ಇರಲಿಲ್ಲ. ಹೆಸರು ನೀತಾ. ಬಾರಾಮತಿಯಲ್ಲಿ ಗಂಡ ಸಕ್ಕರೆ ಕಾರ್ಖಾನೆಯಲ್ಲಿದ್ದಾನೆ, ತಾನು ಹಾಲಿನ ಡೇರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತೇನೆ ಎಂದಳು. ಅವ್ವ ಈಗ ತನ್ನ ಹತ್ತಿರ ಬಂದಿದ್ದಾಳೆ. ಅವಸರದಲ್ಲಿ ಎಲೆ-ಅಡಿಕೆಯ ಚಂಚಿ, ಕನ್ನಡಕ ಇಲ್ಲೇ ಮರೆತಿದ್ದಾಳಂತೆ. ಮಾಮನ ಖಾನಾವಳಿಗೆ ಬಂದವಳು ಒಯ್ಯೋಣವೆಂದು ಬಂದೆ ಎಂದಳು. ಚೀಲದಿಂದ ಬೆಲ್ಲದ ಎರಡು ಅಚ್ಚು ತೆಗೆದು ಮೇಜಿನ ಮೇಲಿಟ್ಟಳು.

"ಅತ್ತಿಯಾರಿಗೆ ಕೊಡ್ರಿ. ಎಲ್ಲಿ ಅದಾರ ಅವ್ರು? ನಮಸ್ಕಾರ ಮಾಡಿ ಹೋಗ್ತೀನಿ."

ಗುಡಿಗೆ ಹೋಗಿದ್ದಾರೆ ಎಂದಳು ಪ್ರಾಚಿ. ನೀತಾ ಹೌದೇ ಎಂದು ತಲೆಯಾಡಿಸಿ, ಅವರು ಬಂದದ್ದು ಬಹಳ ಚಲೋ ಆಯಿತು ಎಂದಳು. ಅವ್ವ ದಿನಾ ಅದನ್ನೇ ಹೇಳುತ್ತಾಳಂತೆ: ಕೂಸಿಗೆ ಅದರ ಸ್ವಂತ ಅಜ್ಜಿ ಸಿಕ್ಕಳು, ತಾಯಿ ಭಾಳ ಒಳ್ಳೆಯಾಕಿ, ಕಾಲಿಗೆ ಬಿದ್ದು ಸೀರಿ ಕೊಟ್ಟು ಕಳಿಸಿದಳು ಅಂತ. ಸೊಸೈಟಿಯ ಹೆಂಗಸರೇ ನಂಬದಿರಬಹುದಾದ ಆ ಸುಳ್ಳನ್ನು ಭೀಮವ್ವ ಸುಳ್ಳೆಂದು ತಿಳಿದೇ ಹೊತ್ತುಕೊಂಡು ಹೋಗಿದ್ದಳು. ಹೊಟ್ಟೆಯ ಮಗಳಿಗೂ ಬಿಟ್ಟುಕೊಟ್ಟಿರಲಿಲ್ಲ. ಪ್ರಾಚಿ ಚಹಾ ಮಾಡಲು ಒಳಗೆ ಹೋದಳು.

ಚಹಾ ಕುಡಿಯುವಾಗ ಪ್ರಾಚಿ ಕೇಳಿದಳು, ನೆಲ ನೋಡುತ್ತ. ನಿಮ್ಮ ಅವ್ವ ಕೂಸಿಗೆ ಹಾಲು ಕುಡಿಸುವ ಮೊದಲು ತಾವು ಒಂದು ಗುಟುಕು ಕುಡಿಯುತ್ತಾರಲ್ಲ, ಯಾಕೆ?

ನೀತಾ ನಕ್ಕಳು. ಈಗಿನ ಮಂದಿಗೆ ಸೇರುವುದಿಲ್ಲ, ಬಿಡು ಎಂದು ಎಷ್ಟೋ ಸಲ ಹೇಳಿದ್ದೇನೆ, ಕೇಳುವುದಿಲ್ಲ ಎಂದಳು. ಆಮೇಲೆ ಹೇಳಿದಳು. 'ಸವತಿ ಕೊಟ್ಟ ಹಾಲು' ನಾಟಕದಲ್ಲಿ ಕೂಸಿನ ಪಾರ್ಟು ಮಾಡುತ್ತಿದ್ದವಳು ನೀತಾಳೇ. ಐದು ವರ್ಷದವಳು. ಅಪ್ಪ ಕಂಪನಿಯಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದ. ಬಟ್ಟಲಲ್ಲಿ ಇರುತ್ತಿದ್ದುದು ತೆಳ್ಳನೆಯ ಮಜ್ಜಿಗೆ; ಅದು ಆಟವೆಂದು ಅವಳಿಗೂ ಗೊತ್ತಿತ್ತು. ಇಳಕಲ್ ಕ್ಯಾಂಪಿನಲ್ಲಿ ಒಂದು ಸಲ ಅವಳು ಬಟ್ಟಲು ಬಾಯಿಗೆ ಹಿಡಿಯುವಷ್ಟರಲ್ಲಿ ಮಂದಿಯೊಳಗಿಂದ ಒಬ್ಬ ಹೆಂಗಸು ಸ್ಟೇಜಿಗೇ ಹತ್ತಿ ಬಂದಳು.

"ಬಟ್ಟಲಾ ಬಡದು ಬೀಳಿಸಿ, ನನ್ನ ಎತ್ಕೊಂಡು ಓಡಿದಳ್ರಿ. ಕುಡೀಬ್ಯಾಡ ನನ್ನ ಕೂಸ, ಈಕಿ ನಿನ್ನ ಕೊಲ್ತಾಳ, ಕೊಲ್ತಾಳ ಅಂತ ಕಿವ್ಯಾಗ ಒದರಕೋತ. ಆಕಿ ಎದಿ ಹೊಡಕೊಳ್ಳೂದು ನನಗ ಕೇಳ್ತಿತ್ತು. ಮಂದಿ ಚಪ್ಪಾಳಿ ಬಾರಿಸಿದ್ರು."

ಮರುದಿನದಿಂದ ನೀತಾ ತನ್ನ ಅವ್ವನ ಕೈಯಿಂದ ನೀರು ಸಹಿತ ಕುಡಿಯಲಿಲ್ಲ. ಅವ್ವನನ್ನು ಕಂಡರೆ ಅಪ್ಪನ ಹಿಂದೆ ಅಡಗುತ್ತಿದ್ದಳು. ಮೈ ಇಳಿದು ಕಡ್ಡಿಯಾದಳು. ಆ ನಾಟಕ ನಿಲ್ಲಿಸಿರೆಂದು ಭೀಮವ್ವ ಮಾಲಕರ ಕಾಲು ಹಿಡಿದಳು. ಟೆಂಟು ತುಂಬುವ ಆಟ, ಅವರು ನಿಲ್ಲಿಸಲಿಲ್ಲ. ಕೂಸಿನ ಪಾರ್ಟಿಗೆ ಬೇರೆ ಹುಡುಗಿ ಬಂದಳು, ದೊಡ್ಡವ್ವನ ಪಾರ್ಟು ಮಾತ್ರ ಭೀಮವ್ವನಿಗೆ ತಪ್ಪಲಿಲ್ಲ. ಆಗ ಅವಳು ಈ ದಾರಿ ಹಿಡಿದಳು. ಹಾಲಿರಲಿ, ನೀರಿರಲಿ, ಗಂಜಿಯಿರಲಿ, ಮಗಳೆದುರು ಕುಳಿತು ತಾನು ಮೊದಲು ಕುಡಿಯುವುದು, ನುಂಗಿ ತೋರಿಸುವುದು, ಸುಮ್ಮನೆ ಕಾಯುವುದು. ಒತ್ತಾಯ ಇಲ್ಲ, ಮಾತಿಲ್ಲ. ಬಹಳ ದಿನ ಹಿಡಿಯಿತು. ಒಂದು ದಿನ ನೀತಾ ಬಾಯಿ ತೆರೆದಳು.

"ನಾಟಕದಾಗ ಉಪವಾಸ ಅಂತ ಸುಳ್ಳು ಹೇಳ್ತಿದ್ದಳಲ್ರಿ. ಅದಕ್ಕ ಈಗ ಯಾವ ಕೂಸಿಗೂ ತಾ ಕುಡೀಲಾರದ ಕುಡಸೂದಿಲ್ಲ. ಕಂಪನಿ ಮುಚ್ಚಿತು, ಅಪ್ಪ ಹ್ವಾದ, ಪುಣೆಕ್ಕ ಬಂದು ಮಾಮನ ಕಡೆ ರೊಟ್ಟಿ ಬಡದಳು, ನನ್ನ ಮಕ್ಕಳನ್ನ ಬೆಳಸಿದಳು, ಇದೊಂದು ಬಿಡಲಿಲ್ಲ."

ಚಂಚಿ, ಕನ್ನಡಕ ತೆಗೆದುಕೊಂಡು, ಓವಿಯ ತಲೆ ನೇವರಿಸಿ, ಅತ್ತೆಯವರಿಗೆ ನಮಸ್ಕಾರ ತಿಳಿಸಿರೆಂದು ಇನ್ನೊಮ್ಮೆ ಹೇಳಿ ನೀತಾ ಬಸ್ಸಿಗೆ ಹೋದಳು. ಹೋಗುವಾಗ ತನ್ನ ಫೋನ್ ನಂಬರು ಕೊಟ್ಟಳು. ಪ್ರಾಚಿ ಶೋಕೇಸಿನ ಗೊಂಬೆಗಳ ನಡುವಿನಿಂದ ಕ್ಯಾಮರಾ ತೆಗೆದು ಪೆಟ್ಟಿಗೆಗೆ ಹಾಕಿದಳು. ನಂಬರು ಒತ್ತಲು ಮಾತ್ರ ಆಗಲಿಲ್ಲ.

ಏನು ಹೇಳುವುದು? ಹೇಳುವುದಕ್ಕೆ ಒಂದು ಚೆಂದದ ಮಾತು ಸಿದ್ಧವೇ ಇತ್ತು: ಅತ್ತೆಗೆ ಪುಣೆಯ ಹವೆ ಒಗ್ಗಲಿಲ್ಲ, ಮರಳಿ ಧಾರವಾಡಕ್ಕೆ ಹೋದರು, ನೀವು ಬರ್ರಿ. ಭೀಮವ್ವ ಹೂಂ ಅನ್ನುತ್ತಾಳೆ. ತಿಳಿದೂ ತಿಳಿಯದವಳಂತೆ ಬರುತ್ತಾಳೆ. ಸಂಜೆ ಕೂಸನ್ನು ಇಳಿಸಿ ಅಡುಗೆಮನೆಗೆ ಹೋಗಿ ನಿಲ್ಲುತ್ತಾಳೆ. ಎಲ್ಲ ಮೊದಲಿನಂತೆ ಆಗುತ್ತದೆ, ಯಾರ ಮರ್ಯಾದೆಯೂ ಹೋಗುವುದಿಲ್ಲ. ವಿಕಾಸ ಕೂಡ ಹಾಗೆ ಮಾಡು ಎಂದ, ಪಾಪ ಅವನಿಗೆ ಮನೆ ಶಾಂತವಾದರೆ ಸಾಕಾಗಿತ್ತು. ಪ್ರಾಚಿ ಆ ಮಾತನ್ನು ಪಾತ್ರೆ ತೊಳೆಯುತ್ತ ಹೇಳಿನೋಡಿದಳು, ಬಟ್ಟೆ ಮಡಚುತ್ತ ಹೇಳಿನೋಡಿದಳು. ಎಲ್ಲೂ ತಡವರಿಸುತ್ತಿರಲಿಲ್ಲ. ಅದೇ ಅವಳ ಕೈ ಹಿಡಿದು ನಿಲ್ಲಿಸುತ್ತಿತ್ತು. ರಜೆ ಮುಗಿಯುತ್ತ ಬಂತು, ಚಿಂತೆ ಬೆಳೆಯುತ್ತ ಹೋಯಿತು. ಸುಳ್ಳಿನಿಂದ ಕರೆದರೆ ಭೀಮವ್ವ ಬರುತ್ತಾಳೆ. ನಿಜ ಹೇಳಿದರೆ ಬಾರದೆ ಇರಬಹುದು. ಬಾರದಿದ್ದರೆ?

ಒಂದು ಸಂಜೆ, ಬೀದಿದೀಪ ಹತ್ತುವ ಹೊತ್ತಿಗೆ, ಓವಿ ಬಾಗಿಲ ಹತ್ತಿರ ಕುಳಿತು ಮೆಟ್ಟಿಲ ಸದ್ದಿಗೆಲ್ಲ ಕತ್ತು ತಿರುಗಿಸುತ್ತಿತ್ತು. ಪ್ರಾಚಿ ಅದರ ಪಕ್ಕ ನೆಲದ ಮೇಲೆಯೇ ಕುಳಿತು ಫೋನು ಹಚ್ಚಿದಳು. ನೀತಾ ಎತ್ತಿ, ಅವ್ವಾ ನಿನಗ ಎಂದು ಕೂಗಿದಳು. ಆ ಕಡೆ ಪಾತ್ರೆ ಇಟ್ಟ ಸದ್ದು, ಬಳೆಯ ಸದ್ದು.

"ಯಾರು, ಪ್ರಾಚಿ ತಂಗಿ? ಕೂಸು ಉಂಡಿತೇನು?"

ಕೂಡಿಸಿಟ್ಟಿದ್ದ ಮಾತೆಲ್ಲ ಎಲ್ಲಿ ಹೋಯಿತೋ. "ಉಂಡಾಳ್ರಿ" ಎಂದಳು ಪ್ರಾಚಿ. ಆಮೇಲೆ ಉಸಿರು ಸಿಕ್ಕಷ್ಟು ಸಿಕ್ಕಷ್ಟು ಹೇಳಿದಳು. "ಭೀಮವ್ವಾರ, ನಮ್ಮ ಅತ್ತಿ ಬಂದಿಲ್ಲ. ಬರೋ ಮಾತೂ ಇರಲಿಲ್ಲ."

"ಗೊತ್ತೈತಿ ಬಿಡು."

"ಅಷ್ಟ ಅಲ್ಲ. ನಿಮಗ ಹೇಳಲಾರದ ಮನ್ಯಾಗ ಕ್ಯಾಮರಾ ಇಟ್ಟಿದ್ದೆ. ನೀವು ಹಾಲು ಕುಡದು ನೋಡೋದು ಕಂಡಿತು. ಅದರಾಗ ಏನರ ಹಾಕ್ತೀರಿ ಅಂತ ತಿಳಕೊಂಡೆ. ತಿಳಕೊಂಡೆ ಅಲ್ಲ, ಹಂಗ ಇರಲಿ ಅಂತ ಬಯಸಿದೆ. ನನಗ ಹೊಟ್ಟಿಕಿಚ್ಚಾಗಿತ್ರಿ. ಓವಿ ನಿಮ್ಮ ಹೆಗಲ ಬಿಟ್ಟು ನನ್ನ ಕಡೆ ಬರ್ತಿರಲಿಲ್ಲ."

ಫೋನು ಕಡಿಯಿತೇನೋ ಎಂದು ಪ್ರಾಚಿ ಎರಡು ಸಲ ತೆಗೆದು ನೋಡಿದಳು.

"ಕಂಪನ್ಯಾಗ ಮಂದಿ ಚಪ್ಪಲಿ ಒಗದಾಗ ನಾ ಅತ್ತಾಕಿ ಅಲ್ಲ" ಎಂದಳು ಭೀಮವ್ವ ಕಡೆಗೆ. ದನಿ ಏರಿರಲಿಲ್ಲ. "ಅವ್ರು ಪಾರ್ಟಿಗೆ ಒಗದಿದ್ರು. ನೀ ನನಗ ಒಗದಿ."

ಪ್ರಾಚಿ ಹೌದು ಎಂದಳು. ಕಣ್ಣೀರು ಗಲ್ಲಕ್ಕಿಳಿದು ಫೋನಿಗೆ ತಾಗುತ್ತಿತ್ತು.

"ಅಳಬ್ಯಾಡ. ತಾಯಿ ಅತ್ರ ಕೂಸು ಅಂಜತೈತಿ. ನಾನೂ ಒಂದು ಕಾಲಕ್ಕ ನನ್ನ ಮಗಳಿಗೆ ಬ್ಯಾಡಾದಾಕಿನ. ಅದರ ಉರಿ ನನಗ ಗೊತ್ತೈತಿ."

"ಬರ್ತೀರೇನ್ರಿ?"

"ಸುಟ್ಟದ್ದು ಆರಬೇಕಲ್ಲ, ತಂಗಿ. ಒಂದೆರಡು ದಿನ ತಡಿ, ನಾನ ಹೇಳ್ತೀನಿ." ಮತ್ತೆ ಬಳೆಯ ಸದ್ದು. "ಈಗ ಕೂಸಿನ ಕಿವಿಗೆ ಫೋನ್ ಹಿಡಿ. ಆ ಕಾಗಿ ಕತಿ ಅರ್ಧಕ್ಕ ನಿಂತೈತಿ."

ಪ್ರಾಚಿ ಓವಿಯನ್ನು ತೊಡೆಯ ಮೇಲೆ ಎಳೆದುಕೊಂಡು, ಅದರ ಕಿವಿಗೆ ಫೋನು ಹಿಡಿದಳು.